ಮೊದಲ ಗ್ರಾಫಿಟಿ ಕ್ಲಾಸ್: ಕ್ಯಾನ್ ಹಿಡಿಯೋ ಮುಂಚೆಯಿಂದ ಕೊನೆ ಔಟ್‌ಲೈನ್ ತನಕ ಪೂರ್ತಿ ಗೈಡ್

ಗ್ರಾಫಿಟಿ ಕ್ಲಾಸ್ ಅಂದ ತಕ್ಷಣ ಬಹಳ ಜನರ ತಲೇಲಿ ಬರೋದು ಒಂದೇ, ಹೋಗ್ತೀವಿ, ಕೈಗೊಂದು ಸ್ಪ್ರೇ ಕ್ಯಾನ್ ಕೊಡ್ತಾರೆ, ಗೋಡೆ ಮೇಲೆ ಮನಸ್ಸಿಗೆ ಬಂದಿದ್ದು ಬಿಡಿಸಿ ಫೋಟೋ ತೆಗೆಸ್ಕೊಂಡು ಬರ್ತೀವಿ ಅಂತ. ಹಂಗೆ ನಡೆಸೋ ಕ್ಲಾಸುಗಳೂ ಇವೆ, ತಪ್ಪೇನಿಲ್ಲ, ಒಂದು ಮಧ್ಯಾಹ್ನ ಮಜವಾಗಿ ಕಳೆಯತ್ತೆ. ಆದ್ರೆ ಏನಾದ್ರೂ ಕಲಿತು ಬರ್ಬೇಕು ಅಂತಿದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ: ಮೊದಲನೇ ಕ್ಲಾಸಲ್ಲಿ ಬಣ್ಣಕ್ಕಿಂತ ಅಕ್ಷರಕ್ಕೆ ಜಾಸ್ತಿ ಟೈಮ್ ಕೊಟ್ಟೋರೇ ಮುಂದಕ್ಕೆ ಹೋಗೋದು. ಪೇಪರ್ ಮೇಲೆ ಪೆನ್ಸಿಲಲ್ಲಿ ಸರಿಯಾಗಿ ನಿಲ್ಲದ ಅಕ್ಷರ ಗೋಡೆ ಮೇಲೆ ಎಷ್ಟೇ ಬಣ್ಣ ಸುರಿದ್ರೂ ನಿಲ್ಲಲ್ಲ. ಈ ಗೈಡ್ ಪೂರ್ತಿ ಅದೇ ಲೆಕ್ಕದಲ್ಲಿ ಬರೆದಿದ್ದು.

ಇದು ಎಲ್ಲಿಂದ ಬಂತು

ಸ್ವಲ್ಪ ಹಿಂದಿನ ಕತೆ ಗೊತ್ತಿದ್ರೆ ಟೀಚರ್ ಯಾಕೆ ಹೆಸರು ಬರಿ ಹೆಸರು ಬರಿ ಅಂತಾರೆ ಅನ್ನೋದು ಅರ್ಥ ಆಗತ್ತೆ. ಈಗ ನಾವು ನೋಡೋ ಥರದ ಗ್ರಾಫಿಟಿ ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಕಾರ್ನ್‌ಬ್ರೆಡ್ ಅಂತ ಹೆಸರಿಟ್ಕೊಂಡ ಒಬ್ಬ ಹುಡುಗ ಊರ ತುಂಬ ತನ್ನ ಹೆಸರು ಬರೀತಾ ಹೋದ. ಸ್ವಲ್ಪ ಕಾಲದಲ್ಲೇ ನ್ಯೂಯಾರ್ಕಲ್ಲೂ ಇದು ಜೋರಾಯ್ತು, ಟಾಕಿ 183 ಅನ್ನೋನ ಬಗ್ಗೆ 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲಂತೂ ಕಂಡಕಂಡ ಹುಡುಗ್ರೆಲ್ಲ ಶುರು ಹಚ್ಕೊಂಡ್ರು. 183 ಅಂದ್ರೆ ಬೇರೇನಲ್ಲ, ಅವನಿದ್ದ ಬೀದಿ ನಂಬರು. ಎಲ್ರೂ ಬರೆಯೋದು ಬರೀ ಹೆಸರೇ ಆದಾಗ ಒಬ್ಬನದು ಎದ್ದು ಕಾಣೋದು ಹೆಂಗೆ? ದೊಡ್ಡದು ಮಾಡು, ದಪ್ಪ ಮಾಡು, ಒಳಗೆ ಬಣ್ಣ ತುಂಬು, ಸುತ್ತ ಔಟ್‌ಲೈನ್ ಎಳಿ. 1972ರ ಸುಮಾರಿಗೆ ಸೂಪರ್ ಕೂಲ್ 223 ಅನ್ನೋನು ಬೇರೆ ಮನೆಬಳಕೆ ಸ್ಪ್ರೇ ಡಬ್ಬಿಗಳ ಅಗಲದ ನಾಝಲ್ ಕಿತ್ತು ಬಣ್ಣದ ಕ್ಯಾನಿಗೆ ಸಿಕ್ಕಿಸಿ ದೊಡ್ಡ ಹೆಸರು ತುಂಬಿಸಿದ ಅಂತ ಹೇಳ್ತಾರೆ, ಅದೇ ಹೊತ್ತಿಗೆ ಫೇಸ್ 2 ಅನ್ನೋನು ಗುಂಡು ಗುಂಡಾದ ಬಬಲ್ ಅಕ್ಷರ ತಂದ. ಇವತ್ತು ಕ್ಲಾಸಲ್ಲಿ ನಿಮ್ಮ ಕೈಗೆ ಕೊಡೋ ಫ್ಯಾಟ್ ಕ್ಯಾಪ್ (ದಪ್ಪ ಗೆರೆ ಕೊಡೋ ನಾಝಲ್), ಮೊದಲು ಬರೆಸೋ ಬಬಲ್ ಲೆಟರ್, ಎರಡೂ ಆ ಕಾಲದ್ದೇ.

ಪದಗಳ ವಿಷ್ಯ ಬೇಗ ಮುಗಿಸ್ತೀನಿ. ಒಂದೇ ಗೆರೇಲಿ ಸಹಿ ಥರ ಬರೆದ್ರೆ ಟ್ಯಾಗ್. ಎರಡು ಬಣ್ಣದಲ್ಲಿ ಸರಸರ ಅಂತ ಬರೆಯೋ ಉಬ್ಬಿದ ಅಕ್ಷರ ಥ್ರೋ-ಅಪ್. ಹಲವು ಬಣ್ಣ, ತ್ರೀಡಿ, ಬ್ಯಾಕ್‌ಗ್ರೌಂಡ್ ಎಲ್ಲ ಸೇರಿದ್ರೆ ಪೀಸ್. ಅಕ್ಷರ ಒಂದಕ್ಕೊಂದು ಹೆಣೆದು ಬಾಣ ಗೀಣ ಹಾಕಿ ಓದೋಕೇ ಆಗದಂಗೆ ಮಾಡಿದ್ರೆ ವೈಲ್ಡ್‌ಸ್ಟೈಲ್. ಬಿಗಿನರ್ ಕ್ಲಾಸಲ್ಲಿ ನೀವು ಮಾಡೋದು ಥ್ರೋ-ಅಪ್‌ಗಿಂತ ಸ್ವಲ್ಪ ಜಾಸ್ತಿ, ಪೀಸ್‌ಗಿಂತ ಸ್ವಲ್ಪ ಕಮ್ಮಿ. ಮೊದಲ ದಿನವೇ ವೈಲ್ಡ್‌ಸ್ಟೈಲ್ ಕಲಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ ನಾನಾದ್ರೆ ಆ ಕಡೆ ತಲೆ ಹಾಕಲ್ಲ. ಇನ್ನು ಮುಖದ ಚಿತ್ರ, ಸ್ಟೆನ್ಸಿಲ್, ಮ್ಯೂರಲ್ ಇವೆಲ್ಲ ಕಲೀಬೇಕು ಅಂತಿದ್ರೆ ಅದು ಸ್ಟ್ರೀಟ್ ಆರ್ಟ್ ಕಡೆ ಹೋಗತ್ತೆ, ಕ್ಲಾಸ್ ಯಾವುದು ಅಂತ ಮೊದ್ಲೇ ವಿಚಾರಿಸ್ಕೊಳ್ಳಿ.

ಹಂತ 1: ಕ್ಲಾಸ್ ಆರಿಸೋದು, ದುಡ್ಡು ಕಟ್ಟೋ ಮುಂಚೆ ಕೇಳೋ ಪ್ರಶ್ನೆಗಳು

ಮೊದಲ ಪ್ರಶ್ನೆ ಗೋಡೆ ಯಾರ್ದು, ಓನರ್ ಪರ್ಮಿಷನ್ ಇದ್ಯಾ. ಪ್ಲೈವುಡ್ ಬೋರ್ಡ್ ಮೇಲೆ ಮಾಡಿಸ್ತಾರೆ ಅಂದ್ರೆ ತಲೆನೋವೇ ಇಲ್ಲ, ಮನೆಗೂ ತಗೊಂಡು ಹೋಗ್ಬೋದು. ಗೋಡೆ ಅಂದ್ರೆ ಮಾತ್ರ ಪರ್ಮಿಷನ್ ಲಿಖಿತವಾಗಿ ಇರ್ಬೇಕು, ಯಾರೋ ಬಾಯಿ ಮಾತಲ್ಲಿ ಹೂಂ ಅಂದಿದ್ದಾರೆ ಅನ್ನೋದು ಸಾಲಲ್ಲ. ಅನುಮತಿಯ ಬೆಲೆ ಎಷ್ಟು ಅಂತ ತಿಳೀಬೇಕಾದ್ರೆ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನೋ ಕಟ್ಟಡದ ಕೇಸ್ ನೋಡಿ. ಓನರ್ ಒಪ್ಪಿಗೆ ಮೇಲೇ ವರ್ಷಗಟ್ಟಲೆ ಬರೆದಿದ್ದ ಗೋಡೆಗಳಿಗೆ 2013ರ ನವೆಂಬರಲ್ಲಿ ರಾತ್ರೋರಾತ್ರಿ ಓನರೇ ಬಿಳಿ ಬಣ್ಣ ಬಳಿಸಿದ್ರು, ಕಲಾವಿದರು ಕೋರ್ಟಿಗೆ ಹೋದ್ರು, 2018ರಲ್ಲಿ 21 ಜನರಿಗೆ 45 ಕೃತಿಗಳ ಲೆಕ್ಕದಲ್ಲಿ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಕೊಡ್ಬೇಕು ಅಂತ ತೀರ್ಪು ಬಂತು. ಅದೇ ಕೆಲಸ ಅನುಮತಿ ಇಲ್ದೆ ಕದ್ದು ಮಾಡಿದ್ದಿದ್ರೆ ಕೋರ್ಟಲ್ಲಿ ನಿಲ್ಲೋ ಜಾಗವೇ ಬೇರೆ ಇರ್ತಿತ್ತು.

ಎರಡನೇದು, ಮಾಸ್ಕ್ ಯಾವ ಥರದ್ದು ಕೊಡ್ತಾರೆ. ಇದಕ್ಕೆ ತಡವರಿಸಿದ್ರೆ ಅಥವಾ ಓಪನ್ ಜಾಗ, ಮಾಸ್ಕ್ ಎಲ್ಲ ಏನೂ ಬೇಡ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಮೂರನೇದು, ಒಬ್ಬ ಟೀಚರ್‌ಗೆ ಎಷ್ಟು ಜನ. ಹತ್ತು ಜನಕ್ಕಿಂತ ಜಾಸ್ತಿ ಇದ್ರೆ ನಿಮ್ಮ ಕೈ ಹಿಡಿದು ತಿದ್ದೋಕೆ ಯಾರಿಗೂ ಟೈಮ್ ಇರಲ್ಲ. ನಾಲ್ಕನೇದು, ಪೇಪರ್ ಮೇಲೆ ಸ್ಕೆಚ್ ಮಾಡ್ಸೋಕೆ ಎಷ್ಟು ಹೊತ್ತು ಇಟ್ಟಿದ್ದಾರೆ. ಎರಡು ಮೂರು ಗಂಟೆ ಕ್ಲಾಸಲ್ಲಿ ಮುಕ್ಕಾಲು ಗಂಟೆನಾದ್ರೂ ಸ್ಕೆಚ್‌ಗೆ, ಅರ್ಧ ಗಂಟೆ ಬರೀ ಗೆರೆ ಎಳೆಯೋಕೆ ಇದ್ರೆ ಒಳ್ಳೆ ಕ್ಲಾಸ್ ಅಂತ ಲೆಕ್ಕ. ಮಳೆ ಬಂದ್ರೆ ಏನು ಮಾಡ್ತಾರೆ, ಬಣ್ಣ ಫೀಸಲ್ಲೇ ಸೇರಿದ್ಯಾ, ಒಬ್ಬರಿಗೆ ಎಷ್ಟು ಕ್ಯಾನ್, ಇದನ್ನೂ ಕೇಳಿ. ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ವಾಟರ್ ಬೇಸ್ಡ್ ಸ್ಪ್ರೇ ಇದ್ಯಾ ಅಂತ ಕೇಳಿ, ವಾಸನೆ ಕಮ್ಮಿ. ಆಸ್ತಮಾ ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಸಾಲ್ವೆಂಟ್ (ಬಣ್ಣ ಕರಗಿಸೋ ಕೆಮಿಕಲ್) ಇರೋ ಬಣ್ಣದ ಹತ್ರ ಹೋಗ್ಲೇಬಾರ್ದು.

ಹಂತ 2: ಮನೇಲಿ ಅಕ್ಷರ ರೆಡಿ ಮಾಡ್ಕೊಳ್ಳಿ

ಇದೇ ಅಸಲು ಹಂತ, ಎಲ್ರೂ ಬಿಟ್ಬಿಡೋದೂ ಇದನ್ನೇ. ಕ್ಲಾಸಿಗೆ ಒಂದು ವಾರ ಇರೋವಾಗ್ಲೇ ಒಂದು ಪದ ಆರಿಸ್ಕೊಳ್ಳಿ, ಮೂರರಿಂದ ಐದು ಅಕ್ಷರ ಸಾಕು. ನಿಮ್ಮ ನಿಜವಾದ ಹೆಸರೇ ಆಗ್ಬೇಕಿಲ್ಲ, ಬರೆಯೋರು ಹೆಚ್ಚಾಗಿ ಅಡ್ಡಹೆಸರೇ ಇಟ್ಕೊಳ್ತಾರೆ. ಅರ್ಥಕ್ಕಿಂತ ಆಕಾರ ನೋಡಿ ಆರಿಸಿ. ಇಂಗ್ಲಿಷಲ್ಲಿ ಬರೆಯೋದಾದ್ರೆ ಎಸ್, ಇ, ಆರ್, ಕೆ ಇಂಥ ಅಕ್ಷರಗಳಿಗೆ ಕೈಕಾಲು ಚೆನ್ನಾಗಿವೆ, ಬಗ್ಗಿಸ್ಬೋದು ಚಾಚಿಸ್ಬೋದು. ಐ, ಎಲ್ ಥರದವು ಸಣಕಲು, ಪಕ್ಕದಲ್ಲಿ ಖಾಲಿ ಜಾಗ ಉಳಿಯತ್ತೆ, ಶುರುವಲ್ಲಿ ಕಷ್ಟ.

ಮಾಡೋ ರೀತಿ ಹೀಗೆ. ಪೆನ್ಸಿಲಲ್ಲಿ ಮಾಮೂಲಿ ಅಕ್ಷರ ತೆಳ್ಳಗೆ ಬರ್ಕೊಳ್ಳಿ, ಅದು ಎಲುಬಿನ ಗೂಡು. ಈಗ ಆ ಒಂದೊಂದು ಗೆರೆಯನ್ನೂ ಒಂದೊಂದು ಪಟ್ಟಿ ಅಂದ್ಕೊಂಡು ಸುತ್ತ ದಪ್ಪ ಕೊಡಿ. ಇಂಗ್ಲಿಷಿನ ಇ ಅಂದ್ರೆ ನಿಂತಿರೋ ಒಂದು ಪಟ್ಟಿ, ಅದಕ್ಕೆ ಅಡ್ಡ ಮೂರು ಪಟ್ಟಿ, ಅಷ್ಟೇ. ಎಲ್ಲ ಪಟ್ಟಿಯ ದಪ್ಪ ಒಂದೇ ಇರ್ಲಿ. ಇಲ್ಲಿ ಎಲ್ಲರಿಗೂ ಒಂದು ಆತುರ ಬರತ್ತೆ, ತಕ್ಷಣ ಬಾಣ ಹಾಕೋಣ, ಚೂಪು ಮಾಡೋಣ, ಕಿರೀಟ ಇಡೋಣ ಅಂತ. ಬೇಡ. ಮೊದ್ಲು ನೆಟ್ಟಗೆ ನಿಂತಿರೋ ಅಕ್ಷರ ನಾಲ್ಕೈದು ಹಾಳೆ ತುಂಬ ಬರೀರಿ. ಅಕ್ಷರಗಳ ನಡುವಿನ ಖಾಲಿ ಜಾಗ ಎಲ್ಲಾ ಕಡೆ ಸುಮಾರು ಒಂದೇ ಅಳತೆ ಕಾಣ್ಬೇಕು. ಹಾಳೆಯನ್ನ ತಲೆಕೆಳಗೆ ಹಿಡಿದು ನೋಡಿ, ಓದೋ ಅಭ್ಯಾಸ ತಪ್ಪಿ ಬರೀ ಆಕಾರ ಕಣ್ಣಿಗೆ ಬೀಳತ್ತೆ, ಎಲ್ಲಿ ವಾಲಿದೆ ಎಲ್ಲಿ ತೂತು ಬಿದ್ದಿದೆ ಅಂತ ಆಗ ಗೊತ್ತಾಗತ್ತೆ. ಅದು ಸರಿ ಹೋದ್ಮೇಲೆ ಒಂದೇ ಒಂದು ಬದಲಾವಣೆ ಮಾಡಿ, ಅಂದ್ರೆ ಎಲ್ಲಾ ಅಕ್ಷರದ ಕೆಳಗಿನ ಭಾಗ ಸ್ವಲ್ಪ ಊದಿಸೋದು, ಇಲ್ಲಾ ಎಲ್ಲವನ್ನೂ ಒಂದೇ ಕಡೆ ವಾಲಿಸೋದು. ಒಂದು ಅಕ್ಷರಕ್ಕೆ ಮಾಡಿದ್ದು ಉಳಿದ ಅಕ್ಷರಕ್ಕೂ ಮಾಡ್ಬೇಕು, ಇಲ್ದಿದ್ರೆ ಐದು ಜನ ಬೇರೆ ಬೇರೆಯಾಗಿ ಬರೆದಂಗೆ ಕಾಣತ್ತೆ.

ಕನ್ನಡದಲ್ಲಿ ಬರೀಬೋದಾ ಅಂತ ಕೇಳೋರಿಗೆ, ಖಂಡಿತ ಬರೀಬೋದು, ಆದ್ರೆ ಕ್ಲಾಸಲ್ಲಿ ಹೇಳ್ಕೊಡೋ ಪಟ್ಟಿ ಲೆಕ್ಕ ಇಲ್ಲಿ ನೇರವಾಗಿ ಕೂರಲ್ಲ. ನಮ್ಮ ಅಕ್ಷರ ಹೆಚ್ಚಿನವು ಸುತ್ತು, ನೆಟ್ಟನೆ ಕಂಬ ಕಮ್ಮಿ. ಹಂಗಾಗಿ ಪಟ್ಟಿ ಬದಲು ಒಂದು ದಪ್ಪ ಪೈಪನ್ನ ಬಗ್ಗಿಸ್ತಾ ಹೋದಂಗೆ ಯೋಚ್ನೆ ಮಾಡಿ. ರ, ಠ, ಗ, ಸ ಇವು ಬಬಲ್‌ಗೆ ಹೇಳಿ ಮಾಡಿಸಿದಂಗಿವೆ. ತಲೆಕಟ್ಟು ನಿಮಗೆ ಸಿಕ್ಕಿರೋ ವರ, ಅದನ್ನ ಪಕ್ಕದ ಅಕ್ಷರದ ಮೇಲೆ ಚಾಚಿ ಎರಡನ್ನೂ ಜೋಡಿಸ್ಬೋದು, ಬಾಣ ಮಾಡ್ಬೋದು. ಒತ್ತಕ್ಷರ ಮಾತ್ರ ತಲೆನೋವು, ಕೆಳಗೆ ಇಳಿದು ಸಾಲು ಏರುಪೇರು ಆಗತ್ತೆ, ಮೊದಲ ಕ್ಲಾಸಿಗೆ ಒತ್ತು ಇಲ್ಲದ ಪದ ಆರಿಸಿ. ಒಳಗಿನ ಸಣ್ಣ ಸಣ್ಣ ತೂತುಗಳು ಸ್ಪ್ರೇಯಲ್ಲಿ ಮುಚ್ಚಿ ಹೋಗ್ತವೆ, ಅದಕ್ಕೆ ಪೇಪರಲ್ಲೇ ಅವನ್ನ ಬೇಕು ಅನ್ಸೋದಕ್ಕಿಂತ ದೊಡ್ಡದು ಬರೀರಿ.

ಬೇರೆಯವರ ಸ್ಟೈಲ್ ನೋಡಿ, ಕಲೀರಿ, ಆದ್ರೆ ಹಂಗೇ ಎತ್ತಿ ತಂದು ನಮ್ಮದು ಅನ್ಬೇಡಿ. ಇದನ್ನ ಅವರ ಭಾಷೇಲಿ ಬೈಟಿಂಗ್ ಅಂತಾರೆ, ದೊಡ್ಡ ಮರ್ಯಾದೆ ಕಳ್ಕೊಳ್ಳೋ ಕೆಲಸ.

ಹಂತ 3: ಮಾಸ್ಕ್ ಮತ್ತು ಬಟ್ಟೆ

ಧೂಳಿಗೆ ಹಾಕೋ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್95, ಇವು ಯಾವುದೂ ಸಾಲಲ್ಲ. ಎನ್95 ಬಣ್ಣದ ಹನಿಗಳನ್ನ ತಡೀಬೋದು ಆದ್ರೆ ಸಾಲ್ವೆಂಟ್ ಆವಿ ಅದರೊಳಗಿಂದ ಆರಾಮಾಗಿ ಬರತ್ತೆ. ಬೇಕಾಗಿರೋದು ಎರಡು ಕಡೆ ಕಾರ್ಟ್ರಿಜ್ (ಆವಿ ಹೀರ್ಕೊಳ್ಳೋ ಫಿಲ್ಟರ್ ಡಬ್ಬಿ) ಇರೋ ರಬ್ಬರ್ ರೆಸ್ಪಿರೇಟರ್. ಯುರೋಪಿನ ಗುರುತಲ್ಲಾದ್ರೆ ಎ2ಪಿ2, ಕಂದು ಮತ್ತು ಬಿಳಿ ಪಟ್ಟಿ ಇರತ್ತೆ, ಅಮೆರಿಕದ ಗುರುತಲ್ಲಾದ್ರೆ ಆರ್ಗ್ಯಾನಿಕ್ ವೇಪರ್ ಅಂತ ಕಪ್ಪು ಪಟ್ಟಿ, ಜೊತೆಗೆ ಕಣಗಳಿಗೆ ಒಂದು ಫಿಲ್ಟರ್. ಹಾಕ್ಕೊಂಡ ಮೇಲೆ ಎರಡೂ ಕಾರ್ಟ್ರಿಜನ್ನ ಅಂಗೈಲಿ ಮುಚ್ಚಿ ಮೆಲ್ಲಗೆ ಉಸಿರು ಎಳ್ಕೊಳ್ಳಿ, ಮಾಸ್ಕ್ ಮುಖಕ್ಕೆ ಅಂಟಿಕೊಂಡ್ರೆ ಸರಿ, ಪಕ್ಕದಿಂದ ಗಾಳಿ ನುಗ್ಗಿದ್ರೆ ಬೆಲ್ಟ್ ಬಿಗಿ ಮಾಡಿ. ಗಡ್ಡ ಇದ್ರೆ ಸೀಲ್ ಕೂರಲ್ಲ, ಇದು ಯಾರಿಗೂ ಇಷ್ಟ ಆಗದ ಮಾತು ಆದ್ರೂ ನಿಜ. ಹಾಕ್ಕೊಂಡಿರೋವಾಗ್ಲೂ ಬಣ್ಣದ ವಾಸನೆ ಬರೋಕೆ ಶುರುವಾಯ್ತು ಅಂದ್ರೆ ಕಾರ್ಟ್ರಿಜ್ ಮುಗಿದಿದೆ ಅಥವಾ ಸೀಲ್ ಬಿಟ್ಟಿದೆ, ಕ್ಲಾಸ್ ನಿಲ್ಲಿಸಿ ಹೇಳಿ.

ಉಳಿದಂತೆ ಹಳೇ ಬಟ್ಟೆ, ಮುಚ್ಚಿದ ಶೂ, ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಬೇಡ. ಫೋನನ್ನ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕ್ಬಿಡಿ, ಗಾಳೀಲಿ ತೇಲೋ ಬಣ್ಣದ ಪುಡಿ ಕ್ಯಾಮೆರಾ ಗ್ಲಾಸ್ ಮೇಲೆ ಕೂತ್ರೆ ಹೋಗಲ್ಲ.

ಹಂತ 4: ಕ್ಯಾನ್ ಪರಿಚಯ ಮಾಡ್ಕೊಳ್ಳೋದು

ಸ್ಪ್ರೇ ಪೇಂಟ್ ಹುಟ್ಟಿದ್ದು 1949ರಲ್ಲಿ, ಎಡ್ ಸೀಮೋರ್ ಅನ್ನೋನು ತನ್ನ ಅಲ್ಯೂಮಿನಿಯಂ ಬಣ್ಣ ಗಿರಾಕಿಗಳಿಗೆ ತೋರಿಸೋಕೆ ಮಾಡ್ಕೊಂಡ ಉಪಾಯ ಅದು. ಗ್ರಾಫಿಟಿ ಮಾಡೋರು ಎಷ್ಟೋ ವರ್ಷ ಕಾರು, ಗೇಟಿಗೆ ಹೊಡೆಯೋ ಬಣ್ಣದಲ್ಲೇ ಕಾಲ ಹಾಕಿದ್ರು. 1994ರಲ್ಲಿ ಬಾರ್ಸಿಲೋನಾದಲ್ಲಿ ಮೊಂಟಾನಾ ಕಲರ್ಸ್ ಶುರುವಾದ ಮೇಲೆ ಇದಕ್ಕೇ ಅಂತ ಬೇರೆ ಕ್ಯಾನ್ ಬರೋಕೆ ಶುರುವಾಯ್ತು. ವ್ಯತ್ಯಾಸ ಏನಪ್ಪಾ ಅಂದ್ರೆ ಪ್ರೆಷರ್. ಅದೇ ಕಂಪನಿಯ ಹಾರ್ಡ್‌ಕೋರ್ ಅನ್ನೋ ಕ್ಯಾನ್ ಹೈ ಪ್ರೆಷರ್, ಬಣ್ಣ ಭುಸ್ ಅಂತ ನುಗ್ಗತ್ತೆ, ದೊಡ್ಡ ಜಾಗ ತುಂಬೋಕೆ ಒಳ್ಳೇದು. ಎಂಟಿಎನ್ 94 ಲೋ ಪ್ರೆಷರ್, ನಿಧಾನಕ್ಕೆ ಬರತ್ತೆ, ಹೊಸಬರ ಕೈಗೆ ಇದೇ ಸರಿ. ಕ್ಲಾಸಲ್ಲಿ ಎರಡೂ ಇದ್ರೆ ಔಟ್‌ಲೈನ್‌ಗೆ ಲೋ ಪ್ರೆಷರನ್ನೇ ಕೇಳಿ ಇಸ್ಕೊಳ್ಳಿ.

ಕ್ಯಾನ್ ಕುಲುಕೋದಕ್ಕೆ ಜನ ಬೇಜಾರು ಮಾಡ್ಕೊಳ್ತಾರೆ. ಒಳಗಿರೋ ಗೋಲಿ ಸದ್ದು ಮಾಡೋಕೆ ಶುರುವಾದ ಮೇಲೆ ಒಂದರಿಂದ ಎರಡು ನಿಮಿಷ ಕುಲುಕ್ಬೇಕು, ಮಧ್ಯೆ ಮಧ್ಯೆನೂ ಕುಲುಕ್ತಾ ಇರ್ಬೇಕು. ಇಲ್ದಿದ್ರೆ ಬಣ್ಣದ ಪುಡಿ ಕೆಳಗೇ ಉಳಿದು ಮೇಲೆ ನೀರು ನೀರಾಗಿ ಬರತ್ತೆ, ಗೋಡೆ ಮೇಲೆ ಇಳಿಯತ್ತೆ, ಆಮೇಲೆ ಕ್ಯಾನ್ ಸರಿ ಇಲ್ಲ ಅಂತ ಬೈಯ್ಯೋದು.

ಕ್ಯಾಪ್ ಅಂದ್ರೆ ಒತ್ತೋ ನಾಝಲ್. ಸ್ಕಿನ್ನಿ ಕ್ಯಾಪ್ ಬೆರಳಷ್ಟು ಗೆರೆ ಕೊಡತ್ತೆ, ಫ್ಯಾಟ್ ಕ್ಯಾಪ್ ಅಂಗೈ ಅಗಲ. ಎಲ್ಲಾ ಕ್ಯಾಪ್ ಎಲ್ಲಾ ಕ್ಯಾನಿಗೂ ಕೂರಲ್ಲ, ಕೆಲವು ಕ್ಯಾನಲ್ಲಿ ಮೇಲೆ ಸಣ್ಣ ಕಡ್ಡಿ ಇರತ್ತೆ, ಕೆಲವದ್ರಲ್ಲಿ ತೂತು, ಅದನ್ನ ನೋಡಿ ಹಾಕ್ಬೇಕು. ಹಾಕೋವಾಗ ಬಾಯಿ ನಿಮ್ಮ ಮುಖದ ಕಡೆ ಇರಬಾರ್ದು, ಮೇಲಿಂದ ಒತ್ತದೆ ತಿರುಗಿಸ್ತಾ ಕೂರಿಸಿ. ಕೆಲಸ ಮುಗಿದ ಮೇಲೆ ಕ್ಯಾನನ್ನ ತಲೆಕೆಳಗೆ ಮಾಡಿ ಬರೀ ಗ್ಯಾಸ್ ಬರೋ ತನಕ ಒಂದೆರಡು ಸೆಕೆಂಡ್ ಒತ್ತಿ, ಒಳಗಿನ ಕೊಳವೆ ಬಣ್ಣದಿಂದ ಮೇಲೆ ಬಂದಿರತ್ತಲ್ಲ, ಕ್ಯಾಪಲ್ಲಿ ಉಳಿದಿದ್ದು ತೊಳೆದು ಹೋಗತ್ತೆ.

ಗ್ಯಾಸ್ ಅಂದ್ರೆ ಪ್ರೊಪೇನ್, ಬ್ಯುಟೇನ್ ಇಂಥವೇ, ಬೆಂಕಿ ಹತ್ಕೊಳ್ಳೋವಂಥದ್ದು. ಹತ್ರದಲ್ಲಿ ಸಿಗರೇಟ್ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಕ್ಯಾನ್ ಬಿಡ್ಬೇಡಿ, 50 ಡಿಗ್ರಿ ದಾಟಬಾರ್ದು ಅಂತ ಕ್ಯಾನ್ ಮೇಲೇ ಬರೆದಿರತ್ತೆ.

ಹಂತ 5: ಗೆರೆ ಎಳೆಯೋದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ ಯಾಕಂದ್ರೆ ಕ್ಲಾಸಿಂದ ನಿಮ್ಮ ಜೊತೆ ನಿಜವಾಗಿ ಮನೆಗೆ ಬರೋದು ಇದೊಂದೇ. ಮೊದಲು ಗಾಳಿ ನೋಡ್ಕೊಳ್ಳಿ, ಗಾಳಿ ನಿಮ್ಮ ಬೆನ್ನಿಂದ ಅಥವಾ ಪಕ್ಕದಿಂದ ಬರ್ಲಿ, ಎದುರಿಂದ ಬಂದ್ರೆ ಬಣ್ಣ ಎಲ್ಲಾ ನಿಮ್ಮ ಮೇಲೇ. ಕಾಲು ಅಗಲ ಮಾಡಿ ನಿಂತ್ಕೊಳ್ಳಿ. ಮಣಿಕಟ್ಟು ಗಟ್ಟಿ ಇಡಿ, ಕೈ ಭುಜದಿಂದ ಓಡ್ಬೇಕು, ಉದ್ದ ಗೆರೆಗೆ ಮಂಡಿ ಬಗ್ಗಿಸಿ ಮೈಯೇ ಪಕ್ಕಕ್ಕೆ ಜರುಗ್ಬೇಕು. ಮಣಿಕಟ್ಟು ತಿರುಗಿಸಿದ್ರೆ ಗೆರೆ ಬಿಲ್ಲಿನಂಗೆ ಬಾಗತ್ತೆ, ಎರಡು ತುದೀಲಿ ಮಬ್ಬಾಗಿ ಮಧ್ಯದಲ್ಲಿ ದಪ್ಪ ಆಗತ್ತೆ.

ಗೆರೆ ಹುಟ್ಟೋ ಕ್ರಮ ಹೀಗೆ: ಕೈ ಮೊದಲು ಚಲಿಸೋಕೆ ಶುರು ಮಾಡ್ಬೇಕು, ಆಮೇಲೆ ಬೆರಳು ಒತ್ತಬೇಕು, ಬೆರಳು ಬಿಟ್ಟ ಮೇಲೆ ಕೈ ನಿಲ್ಬೇಕು. ಉಲ್ಟಾ ಮಾಡಿದ್ರೆ, ಅಂದ್ರೆ ಒತ್ತಿ ಆಮೇಲೆ ಹೊರಟ್ರೆ, ಶುರುವಲ್ಲಿ ಒಂದು ಬಣ್ಣದ ಮುದ್ದೆ ಕೂತು ಅದರಿಂದ ಹನಿ ಕೆಳಗೆ ಇಳಿಯತ್ತೆ. ಹತ್ರದಿಂದ ನೋಡಿದ್ರೆ ಗೊತ್ತಾಗತ್ತೆ, ಹನಿ ಇಳಿಯೋಕೆ ಮುಂಚೆ ಆ ಜಾಗ ಒಂದು ಕ್ಷಣ ಒದ್ದೆಯಾಗಿ ಮಿರಿಮಿರಿ ಹೊಳೆಯತ್ತೆ, ಸುತ್ತಲಿನ ಬಣ್ಣ ಮಂಕಾಗಿದ್ರೂ ಅದೊಂದು ಚುಕ್ಕೆ ಮಾತ್ರ ಹೊಳೀತಿರತ್ತೆ. ಆ ಹೊಳಪು ಕಂಡ್ರೆ ಅಲ್ಲಿಗೆ ಇನ್ನೊಂದು ಸಲ ಕ್ಯಾನ್ ತರ್ಬೇಡಿ. ಬೆರಳು ಅರ್ಧಂಬರ್ಧ ಒತ್ತೋದೂ ಬೇಡ, ಆಗ ಬಣ್ಣ ಕೆಮ್ಮಿಕೊಂಡು ಚಿಮ್ಮತ್ತೆ, ಪೂರ್ತಿ ಒತ್ತಿ ಪೂರ್ತಿ ಬಿಡಿ.

ದೂರ ಮತ್ತು ವೇಗ, ಇವೆರಡರ ಆಟ ಉಳಿದಿದ್ದೆಲ್ಲ. ಗೋಡೆಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಜೋರಾಗಿ ಓಡಿಸಿದ್ರೆ ತೆಳ್ಳನೆ ಚೂಪಾದ ಗೆರೆ. 15ರಿಂದ 25 ಸೆಂಟಿಮೀಟರಲ್ಲಿ ಮಧ್ಯಮ ವೇಗ, ಇದು ಬಣ್ಣ ತುಂಬೋಕೆ. 30 ದಾಟಿದ್ರೆ ಅಂಚು ಮಬ್ಬಾಗಿ ಹೊಗೆ ಥರ, ಇದು ಒಂದು ಬಣ್ಣ ಇನ್ನೊಂದರೊಳಗೆ ಕರಗಿಸೋ ಫೇಡ್‌ಗೆ. ಹತ್ರ ಮತ್ತು ನಿಧಾನ ಅಂದ್ರೆ ಬಣ್ಣ ಇಳಿಯೋದು ಗ್ಯಾರಂಟಿ. ಹೊಸಬರೆಲ್ಲ ಹೆದರಿ ನಿಧಾನ ಮಾಡ್ತಾರೆ, ಹಂಗಾಗಿ ಅವರ ಗೆರೆನೇ ಜಾಸ್ತಿ ಇಳಿಯೋದು. ಧೈರ್ಯವಾಗಿ ಬೇಗ ಎಳೀರಿ, ಗೆರೆ ಸ್ವಲ್ಪ ಸೊಟ್ಟ ಬಂದ್ರೂ ಸ್ವಚ್ಛವಾಗಿರತ್ತೆ, ಸೊಟ್ಟ ಗೆರೆ ತಿದ್ಬೋದು.

ಪ್ರ್ಯಾಕ್ಟೀಸ್‌ಗೆ ಒಂದು ಹಳೇ ಬೋರ್ಡ್ ಕೊಡ್ತಾರೆ. ಅದರ ಮೇಲೆ ಮೊದಲು ಅಡ್ಡ ಗೆರೆಗಳು, ಚಿಕ್ಕ ಮಕ್ಕಳು ಶಾಲೇಲಿ ಕಾಪಿ ಬರೆದಂಗೆ, ಒಂದರ ಕೆಳಗೆ ಒಂದು. ಆಮೇಲೆ ಉದ್ದ ಗೆರೆ, ಮೇಲಿಂದ ಕೆಳಗೆ ಒಂದ್ಸಲ, ಕೆಳಗಿಂದ ಮೇಲೆ ಒಂದ್ಸಲ. ಆಮೇಲೆ ವೃತ್ತ, ಎರಡು ಅರ್ಧ ಚಂದ್ರ ಮಾಡಿ ಸೇರಿಸಿದ್ರೆ ಸುಲಭ. ಆಮೇಲೆ ಚುಕ್ಕೆ, ಬೆರಳು ಟಕ್ ಅಂತ ಒತ್ತಿ ಬಿಡೋದು. ಎಳೆಯೋವಾಗ ಕಣ್ಣು ಕ್ಯಾಪ್ ಮೇಲೆ ಬೇಡ, ಗೆರೆ ಎಲ್ಲಿ ಮುಗೀಬೇಕೋ ಅಲ್ಲಿ ಇರ್ಲಿ. ತೋರುಬೆರಳು ಅರ್ಧ ಗಂಟೇಲೇ ನೋಯೋಕೆ ಶುರುವಾಗತ್ತೆ, ಬಣ್ಣ ತುಂಬೋವಾಗ ಮಧ್ಯದ ಬೆರಳು, ಹೆಬ್ಬೆರಳು ಅಂತ ಬದಲಾಯಿಸ್ಕೊಳ್ಳಿ, ಔಟ್‌ಲೈನ್‌ಗೆ ತೋರುಬೆರಳು ಉಳಿಸ್ಕೊಳ್ಳಿ.

ಕೊನೇದಾಗಿ ಕಟಿಂಗ್ ಕೇಳಿ ಕಲ್ತುಕೊಳ್ಳಿ, ಎಷ್ಟೋ ಕಡೆ ತಾವಾಗೇ ಹೇಳ್ಕೊಡಲ್ಲ. ಒಂದು ದಪ್ಪ ಕಪ್ಪು ಗೆರೆ ಎಳೀರಿ, ಒಣಗಿದ ಮೇಲೆ ಅದರ ಪಕ್ಕ ಅರ್ಧ ಮುಚ್ಚೋ ಹಂಗೆ ಬ್ಯಾಕ್‌ಗ್ರೌಂಡ್ ಬಣ್ಣ ಎಳೀರಿ. ಕಪ್ಪು ಗೆರೆ ತೆಳ್ಳಗಾಗಿ ಅಂಚು ಬ್ಲೇಡಲ್ಲಿ ಕೊಯ್ದಂಗೆ ಬರತ್ತೆ. ದೊಡ್ಡ ದೊಡ್ಡೋರ ಪೀಸಲ್ಲಿ ಕಾಣೋ ಆ ಚೂಪಾದ ಗೆರೆಗಳಲ್ಲಿ ಎಷ್ಟೋ ಒಂದೇ ಏಟಿಗೆ ಬಂದಿದ್ದಲ್ಲ, ಹಿಂಗೇ ಕತ್ತರಿಸಿದ್ದು.

ಹಂತ 6: ನಿಮ್ಮ ಬೋರ್ಡ್, ಶುರುವಿಂದ ಕೊನೆ ತನಕ

ಬಣ್ಣ ಆರಿಸೋದು ಮೊದಲು. ಅಕ್ಷರದ ಒಳಗೆ ಎರಡು, ಔಟ್‌ಲೈನ್‌ಗೆ ಒಂದು ಗಾಢ, ಬ್ಯಾಕ್‌ಗ್ರೌಂಡ್‌ಗೆ ಒಂದು, ಮೇಲೆ ಹೊಳಪಿಗೆ ಬಿಳಿ, ಇಷ್ಟೇ. ಹತ್ತು ಬಣ್ಣ ಇಟ್ಟಿದ್ದಾರೆ ಅಂತ ಹತ್ತೂ ಹಾಕೋಕೆ ಹೋಗ್ಬೇಡಿ. ಹಳದಿ, ಕೆಂಪು, ಕಿತ್ತಳೆ ಇವು ಕೆಳಗಿನ ಬಣ್ಣ ಮುಚ್ಚೋದ್ರಲ್ಲಿ ವೀಕ್, ಅಡಿಗೆ ಬಿಳಿ ಹೊಡೆದು ಮೇಲೆ ಹಾಕಿದ್ರೆ ಎದ್ದು ಕಾಣತ್ತೆ. ಬೆಳ್ಳಿ ಬಣ್ಣ ಮತ್ತು ಕಪ್ಪು ಏನಿದ್ರೂ ಮುಚ್ಚಿಬಿಡ್ತವೆ. ಒಂದು 400 ಎಂಎಲ್ ಕ್ಯಾನ್ ಸುಮಾರು ಎರಡು ಚದರ ಮೀಟರ್ ಬರತ್ತೆ, ಹಂಗಾಗಿ ದೊಡ್ಡ ಗೋಡೆಯ ಬ್ಯಾಕ್‌ಗ್ರೌಂಡಿಗೆ ಮಾಮೂಲಿ ಎಮಲ್ಷನ್ ಪೇಂಟ್ ರೋಲರಲ್ಲಿ ಹೊಡೆದು ಒಣಗಿಸಿ ಇಟ್ಕೊಳ್ಳೋದು ಜಾಣತನ.

ಪೇಪರಿಂದ ಬೋರ್ಡಿಗೆ ಅಳತೆ ತರೋಕೆ ಸುಲಭದ ದಾರಿ, ಪೇಪರನ್ನ ನಾಲ್ಕು ಮಡಿಕೆ ಮಾಡಿ, ಬೋರ್ಡ್ ಮೇಲೂ ಮಧ್ಯಕ್ಕೆ ಒಂದು ಅಡ್ಡ ಒಂದು ಉದ್ದ ಸಣ್ಣ ಗುರುತು ಹಾಕಿ. ಯಾವ ಅಕ್ಷರ ಯಾವ ಭಾಗದಲ್ಲಿದೆ ನೋಡ್ಕೊಂಡು, ಒಳಗೆ ತುಂಬೋ ಬಣ್ಣಕ್ಕೆ ಹತ್ರದ ತಿಳಿ ಬಣ್ಣದಲ್ಲಿ, ಸ್ಕಿನ್ನಿ ಕ್ಯಾಪಲ್ಲಿ ಸ್ಕೆಚ್ ಎಳೀರಿ. ಈ ಗೆರೆ ಆಮೇಲೆ ಮುಚ್ಚಿಹೋಗತ್ತೆ, ತಲೆ ಕೆಡಿಸ್ಕೊಳ್ಳೋದು ಬೇಡ. ಎರಡನೇ ಅಕ್ಷರ ಮುಗಿದಾಗ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ, ಯಾಕಂದ್ರೆ ಹತ್ರ ನಿಂತಾಗ ಎಲ್ಲರ ಅಕ್ಷರನೂ ಹೋಗ್ತಾ ಹೋಗ್ತಾ ಚಿಕ್ಕದಾಗತ್ತೆ ಇಲ್ಲಾ ಮೇಲಕ್ಕೆ ಏರತ್ತೆ, ಕೊನೆ ಅಕ್ಷರಕ್ಕೆ ಜಾಗ ಇರಲ್ಲ.

ಆಮೇಲೆ ಬಣ್ಣ ತುಂಬೋದು, ಮೇಲಿಂದ ಕೆಳಗೆ, ಗೆರೆ ಮೇಲೆ ಗೆರೆ ಸ್ವಲ್ಪ ಹತ್ತೋ ಹಂಗೆ. ಸ್ಕೆಚ್ ಗೆರೆಯಿಂದ ಸ್ವಲ್ಪ ಹೊರಗೆ ಹೋದ್ರೂ ಪರವಾಗಿಲ್ಲ. ಎರಡನೇ ಬಣ್ಣವನ್ನ ಅಕ್ಷರದ ಕೆಳಗಿನ ಅರ್ಧಕ್ಕೆ ದೂರದಿಂದ ಹಾಕಿ ಫೇಡ್ ಮಾಡಿ. ಇದಾದ ಮೇಲೆ ಬ್ಯಾಕ್‌ಗ್ರೌಂಡ್, ಅದು ಅಕ್ಷರದ ಅಂಚನ್ನೂ ಸ್ವಲ್ಪ ಕತ್ತರಿಸಿ ಸರಿ ಮಾಡತ್ತೆ.

ತ್ರೀಡಿ ಅನ್ನೋದು ಹೆದರೋವಂಥದ್ದೇನಲ್ಲ, ಒಂದೇ ರೂಲ್: ದಿಕ್ಕು ಒಂದು, ಉದ್ದ ಒಂದು. ಬಲಗಡೆ ಕೆಳಕ್ಕೆ ಅಂತ ತೀರ್ಮಾನ ಮಾಡಿದ್ರೆ ಅಕ್ಷರದ ಪ್ರತಿ ಮೂಲೆಯಿಂದಲೂ ಅದೇ ಕಡೆ ಅಷ್ಟೇ ಉದ್ದದ ಗೆರೆ, ತುದಿಗಳನ್ನ ಸೇರಿಸಿ, ಒಳಗೆ ಗಾಢ ಬಣ್ಣ ತುಂಬಿ. ಒಳಗಿನ ತೂತುಗಳಲ್ಲೂ ಅದೇ ದಿಕ್ಕಿಗೆ ಬರ್ಬೇಕು, ಅಲ್ಲೇ ಎಲ್ರೂ ಮರೆಯೋದು.

ಈಗ ಹತ್ತು ಹದಿನೈದು ನಿಮಿಷ ಒಣಗೋಕೆ ಬಿಡಿ. ತಂಪು ಇಲ್ಲಾ ತೇವ ಜಾಸ್ತಿ ಇದ್ರೆ ಇನ್ನೂ ಸ್ವಲ್ಪ. ನೀರು ಕುಡೀರಿ, ಮಾಸ್ಕ್ ತೆಗೆಯೋದಾದ್ರೆ ದೂರ ಹೋಗಿ ತೆಗೀರಿ. ಆಮೇಲೆ ಕೊನೆ ಔಟ್‌ಲೈನ್. ಕ್ಯಾನ್ ಚೆನ್ನಾಗಿ ಕುಲುಕಿ, ಹೊಸ ಸ್ಕಿನ್ನಿ ಕ್ಯಾಪ್ ಹಾಕಿ, ಪಕ್ಕದಲ್ಲಿ ಒಂದ್ಸಲ ಹೊಡೆದು ನೋಡಿ. ಒತ್ತದೆ ಬರೀ ಕೈಯನ್ನ ಗಾಳೀಲಿ ಆ ಗೆರೆ ಮೇಲೆ ಒಂದೆರಡು ಸಲ ಓಡಿಸಿ, ಮೂರನೇ ಸಲಕ್ಕೆ ಒತ್ತಿ. ಒಂದು ಮೂಲೆಯಿಂದ ಇನ್ನೊಂದು ಮೂಲೆ ತನಕ ಒಂದೇ ಉಸಿರಲ್ಲಿ, ಮಧ್ಯ ನಿಲ್ಲಿಸಿ ಸೇರಿಸಿದ್ರೆ ಗಂಟು ಕಾಣತ್ತೆ. ಬಣ್ಣ ಇಳಿದ್ರೆ ಬೆರಳಲ್ಲಿ ಒರೆಸೋಕೆ ಹೋಗ್ಬೇಡಿ, ಒಂದು ಹನಿ ಹೋಗಿ ಅಂಗೈ ಅಗಲದ ಗಲೀಜು ಆಗತ್ತೆ. ಒಣಗೋಕೆ ಬಿಟ್ಟು ಒಳಗಿನ ಬಣ್ಣದಿಂದ ಕಟ್ ಮಾಡಿ. ಹೊಳಪಿನ ಬಿಳಿ ಗೆರೆ ತ್ರೀಡಿಗೆ ಎದುರು ಬದೀಲಿ, ಅಂದ್ರೆ ಮೇಲೆ ಎಡಗಡೆ, ಒಂದೊಂದು ಅಕ್ಷರಕ್ಕೆ ಒಂದೆರಡು ಸಾಕು. ಕೊನೆಗೆ ಮೂಲೇಲಿ ನಿಮ್ಮ ಟ್ಯಾಗ್, ವರ್ಷ.

ಹಂತ 7: ನಡವಳಿಕೆ, ಮತ್ತೆ ಕ್ಲಾಸ್ ಮುಗಿದ ಮೇಲೆ

ಬೇರೆಯವರ ಕೆಲಸದ ಮೇಲೆ ಕೇಳದೆ ಬರೀಬೇಡಿ, ಪ್ರ್ಯಾಕ್ಟೀಸ್ ಗೋಡೆಯಲ್ಲೂ ಟೀಚರ್ ತೋರಿಸಿದ ಜಾಗದಲ್ಲೇ. ಹೊಸಬರನ್ನ ಟಾಯ್ ಅಂತ ರೇಗಿಸೋರು ಸಿಗ್ತಾರೆ, ಮನಸ್ಸಿಗೆ ಹಚ್ಕೋಬೇಡಿ, ಎಲ್ರೂ ಅಲ್ಲಿಂದಲೇ ಬಂದಿರೋದು. ಫೋಟೋ ತೆಗೆಯೋದಾದ್ರೆ ಬೋರ್ಡಿಗೆ ನೇರ ಎದುರು ನಿಂತು, ಅಂಚು ಪೂರ್ತಿ ಬರೋ ಹಂಗೆ, ನೆರಳು ಬೀಳದ ಟೈಮಲ್ಲಿ ತೆಗೀರಿ, ಓರೆ ನಿಂತು ತೆಗೆದ್ರೆ ಅಕ್ಷರದ ಅಳತೆ ತಪ್ಪಾಗಿ ಕಾಣತ್ತೆ.

ಮನೇಲಿ ಮುಂದುವರಿಸೋಕೆ ಕ್ಯಾನೇ ಬೇಕು ಅಂತಿಲ್ಲ. ಒಂದು ಸ್ಕೆಚ್ ಬುಕ್ ಇಟ್ಕೊಳ್ಳಿ, ಇದನ್ನ ಬ್ಲ್ಯಾಕ್‌ಬುಕ್ ಅಂತಾರೆ, ದಿನಕ್ಕೆ ಒಂದು ಅಕ್ಷರ ಬೇರೆ ಬೇರೆ ಥರ ಬರೀರಿ. ಸ್ಪ್ರೇ ಮಾಡ್ಲೇಬೇಕು ಅನ್ಸಿದ್ರೆ ಎರಡು ಕಂಬದ ಮಧ್ಯ ಪ್ಯಾಕಿಂಗ್ ಪ್ಲಾಸ್ಟಿಕ್ ಬಿಗಿಯಾಗಿ ನಾಲ್ಕೈದು ಸುತ್ತು ಸುತ್ತಿ ಅದರ ಮೇಲೆ ಬರೀಬೋದು, ಜಾಗದ ಓನರನ್ನ ಕೇಳಿ, ಆ ಕಡೆ ಯಾರೂ ನಿಂತಿಲ್ಲ ಅಂತ ನೋಡ್ಕೊಂಡು, ಮುಗಿದ ಮೇಲೆ ಬಿಚ್ಚಿ ತಗೊಂಡು ಹೋಗೋದು ನಿಮ್ಮ ಜವಾಬ್ದಾರಿ. ರೂಮಿನೊಳಗೆ ಮಾತ್ರ ಮಾಡ್ಬೇಡಿ, ಕಿಟಕಿ ತೆರೆದಿದ್ರೂ ಬೇಡ.

ಎರಡನೇ ಕ್ಲಾಸಿಗೆ ಹೋಗೋದಾದ್ರೆ ಪದ ಬದಲಾಯಿಸ್ಬೇಡಿ, ಅದೇ ಪದ ತಗೊಂಡು ಹೋಗಿ ಮೊದಲ ಬೋರ್ಡಿನ ಫೋಟೋ ಟೀಚರ್‌ಗೆ ತೋರ್ಸಿ ಯಾವ ಅಕ್ಷರ ವೀಕ್ ಅಂತ ಕೇಳಿ. ಚೆನ್ನಾಗಿದೆ ಅಂತ ಸುಮ್ಮನೆ ಬೆನ್ನು ತಟ್ಟಿದ್ರೆ ಬಿಡ್ಬೇಡಿ, ಪೆನ್ಸಿಲ್ ಕೈಗೆ ಕೊಟ್ಟು ತಿದ್ದಿ ತೋರ್ಸಿ ಅನ್ನಿ. ನಿಮ್ಮದೇ ರೆಸ್ಪಿರೇಟರ್ ತಗೊಂಡಿದ್ರೆ ಕಾರ್ಟ್ರಿಜನ್ನ ಜಿಪ್ ಕವರಲ್ಲಿ ಗಾಳಿ ಆಡದಂಗೆ ಇಡಿ, ಹೊರಗೆ ಬಿಟ್ರೆ ಒಳಗಿನ ಇದ್ದಿಲು ಸುಮ್ಮನೆ ಗಾಳೀಲಿರೋದನ್ನ ಹೀರ್ಕೊಂಡು ನೀವು ಉಪಯೋಗಿಸದೇನೇ ಮುಗಿದು ಹೋಗತ್ತೆ. ಉಳಿದ ಕ್ಯಾನುಗಳನ್ನ ಕ್ಯಾಪ್ ತೆಗೆದು ನೆರಳಲ್ಲಿ ನೆಟ್ಟಗೆ ನಿಲ್ಲಿಸಿ, ಖಾಲಿಯಾಗಿದ್ದನ್ನ ತೂತು ಮಾಡೋದಾಗ್ಲಿ ಬೆಂಕಿಗೆ ಹಾಕೋದಾಗ್ಲಿ ಮಾಡ್ದೆ ಅಪಾಯದ ಕಸ ತಗೊಳ್ಳೋ ಕಡೆ ಕೊಡಿ.